ಹಾರ್ಡ್ ಡಿಸ್ಕ್ ಇಲ್ಲದ ಹದಿನೈದು ಕಂಪ್ಯೂಟರು

ಮುನಿಕೆಂಪಮ್ಮನ ಕೈಗೆ ಮೆಮೊ ಬಂದದ್ದು ಒಂದು ಮಂಗಳವಾರ, ಮೊದಲನೇ ಪೀರಿಯಡ್ಡಿನ ಗಂಟೆಯನ್ನು ಅವಳೇ ಹೊಡೆದು ಬಂದ ಮೇಲೆ. ಅಟ್ಟೂರಿಗೆ ಸ್ವಲ್ಪ ಆಚೆಯಿರುವ ಹುಣಸೆಕುಂಟೆಯ ಸರ್ಕಾರಿ ಪ್ರೌಢಶಾಲೆಯಲ್ಲಿ ಅವಳು ಇಪ್ಪತ್ತೊಂಬತ್ತು ವರ್ಷದಿಂದ ಆಯಾ. ಮೊದಲು ದಿನಗೂಲಿ, ಆಮೇಲೆ ಕಾಯಂ. ಕಸ ಗುಡಿಸುವುದು, ನೀರು ತುಂಬಿಸುವುದು, ಗಂಟೆ ಹೊಡೆಯುವುದು, ಬೀಗದ ಕೈ ಗೊಂಚಲನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಓಡಾಡುವುದು. ಇಷ್ಟು ವರ್ಷದಲ್ಲಿ ಎಷ್ಟೋ ಮೇಷ್ಟ್ರುಗಳ ಮೆಮೊಗಳನ್ನು ಅವಳೇ ಒಂದು ಮೇಜಿನಿಂದ ಇನ್ನೊಂದು ಮೇಜಿಗೆ ದಾಟಿಸಿದ್ದಳು. ತನ್ನ ಹೆಸರಿನದು ಇದೇ ಮೊದಲು.

"ಓದ್ಕೊಳಮ್ಮ. ಒಂದು ಕಾಪಿಗೆ ಸೈನ್ ಮಾಡಿ ವಾಪಸ್ ಕೊಡು," ಎಂದರು ಹೆಡ್‌ಮಾಸ್ಟರ್ ಶಿವರಾಮ್. ಅವರು ಈ ಶಾಲೆಗೆ ಬಂದು ಹತ್ತು ದಿನವಾಗಿತ್ತಷ್ಟೆ. ೨೦೧೬ರ ಜೂನ್ ತಿಂಗಳು.

ಮುನಿಕೆಂಪಮ್ಮ ಓದಿದ್ದು ನಾಲ್ಕನೇ ತರಗತಿ. ಕನ್ನಡವನ್ನು ನಿಧಾನವಾಗಿ, ತುಟಿ ಅಲ್ಲಾಡಿಸುತ್ತಾ ಓದಬಲ್ಲಳು. ಕಂಪ್ಯೂಟರ್ ಕೊಠಡಿಯ ಬೀಗದ ಕೈ ತಮ್ಮ ವಶದಲ್ಲಿದ್ದು, ಸದರಿ ಕೊಠಡಿಯ ಕಂಪ್ಯೂಟರುಗಳಲ್ಲಿ ಹಾರ್ಡ್ ಡಿಸ್ಕುಗಳು ಇಲ್ಲದಿರುವುದು ಕಂಡುಬಂದಿರುತ್ತದೆ. ಈ ಬಗ್ಗೆ ಮೂರು ದಿನಗಳೊಳಗೆ ಲಿಖಿತ ಸಮಜಾಯಿಷಿ ನೀಡತಕ್ಕದ್ದು, ತಪ್ಪಿದಲ್ಲಿ ಮೇಲಧಿಕಾರಿಗಳಿಗೆ ವರದಿ ಮಾಡಲಾಗುವುದು ಎಂದಿತ್ತು. ಕಳ್ಳಿ ಎಂಬ ಮಾತು ಅದರಲ್ಲೆಲ್ಲೂ ಇರಲಿಲ್ಲ. ಆದರೆ ಅವಳು ಓದಿ ಮುಗಿಸುವಷ್ಟರಲ್ಲಿ ಆಫೀಸಿನಲ್ಲಿದ್ದ ಇಬ್ಬರು ಮೇಷ್ಟ್ರು ಕಿಟಕಿಯ ಆಚೆ ನೋಡತೊಡಗಿದ್ದರು.

ಹಿಂದಿನ ದಿನ ನಡೆದದ್ದು ಇಷ್ಟು. ಶಿವರಾಮ್ ಚಾರ್ಜ್ ತೆಗೆದುಕೊಳ್ಳುವ ಮುಂಚೆ ದಾಸ್ತಾನು ಪುಸ್ತಕ ಹಿಡಿದು ಒಂದೊಂದೇ ಸಾಮಾನು ತಾಳೆ ನೋಡುತ್ತಿದ್ದರು. ಕೆಟ್ಟ ಮನುಷ್ಯರಲ್ಲ. ಹಿಂದೆ ಕೆಲಸ ಮಾಡಿದ ಒಂದು ಊರಿನಲ್ಲಿ ಪಟ್ಟಿ ನೋಡದೆ ಸೈನ್ ಹಾಕಿ, ಕಾಣೆಯಾದ ಬೀರುವಿಗೂ ಟಿವಿಗೂ ತಾವೇ ದಂಡ ಕಟ್ಟಿದವರು. ಆಮೇಲಿಂದ ಚಮಚವನ್ನೂ ಎಣಿಸುತ್ತಿದ್ದರು. ಪುಸ್ತಕದಲ್ಲಿ 'ಕಂಪ್ಯೂಟರ್, ಹದಿನೈದು, ದಾನವಾಗಿ ಬಂದದ್ದು' ಎಂದಿತ್ತು. ಒಂದನ್ನು ಆನ್ ಮಾಡಿದರು. ಕಪ್ಪು ಪರದೆಯ ಮೇಲೆ ಎರಡು ಸಾಲು ಇಂಗ್ಲಿಷ್ ಬಂದು ನಿಂತುಬಿಟ್ಟಿತು. ಇನ್ನೊಂದನ್ನು ಮಾಡಿದರು, ಅದೂ ಹಾಗೇ. ಯಲಹಂಕ ನ್ಯೂ ಟೌನಿನಿಂದ ಒಬ್ಬ ರಿಪೇರಿಯವನನ್ನು ಕರೆಸಿದರು. ಅವನು ಆರು ಡಬ್ಬ ಬಿಚ್ಚಿದ.

"ಸರ್, ಒಂದ್ರಲ್ಲೂ ಹಾರ್ಡ್ ಡಿಸ್ಕ್ ಇಲ್ಲ. ಯಾರೋ ಎತ್ತಿದಾರೆ."

ಬಾಗಿಲಲ್ಲಿ ನಿಂತಿದ್ದ ಮುನಿಕೆಂಪಮ್ಮ, "ಅವು ಬರ್ವಾಗ್ಲೇ ಇರ್ನಿಲ್ಲ ಸಾ," ಎಂದಳು.

"ಇಲ್ದೇ ಇದ್ರೆ ನಾಲ್ಕು ವರ್ಷ ಮಕ್ಕಳಿಗೆ ಕ್ಲಾಸ್ ಹೇಗೆ ನಡೀತು?"

"ಅಗೋ, ಆ ಮೂಲೇಲಿ ಬಟ್ಟೆ ಮುಚ್ಚಿರೋದು ಒಂದೈತಲ್ಲ, ತಾಯಿ ಮಿಷಿನ್ನು, ಎಲ್ಲಾ ಅದ್ರಿಂದ ಓಡೋವು ಸಾ."

ರಿಪೇರಿಯವನು ನಕ್ಕುಬಿಟ್ಟ. "ಇಂಜಿನ್ ಇಲ್ದೆ ಬಸ್ ಓಡತ್ತಾ ಅಮ್ಮಾ?"

ಶಿವರಾಮ್ ಅವಳ ಸೊಂಟದಿಂದ ಆ ಒಂದು ಬೀಗದ ಕೈಯನ್ನು ತೆಗೆಸಿಕೊಂಡು, ಬಾಗಿಲಿಗೆ ಕಾಗದ ಅಂಟಿಸಿ ಅರಗು ಮುದ್ರೆ ಹಾಕಿಸಿದರು.

ಅವಳು ಹೇಳಿದ್ದು ಸುಳ್ಳಲ್ಲ. ೨೦೧೨ರ ಆಗಸ್ಟಿನಲ್ಲಿ ಆ ಕಂಪ್ಯೂಟರುಗಳು ಟೆಂಪೋದಲ್ಲಿ ಬಂದ ದಿನ ಗೇಟು ತೆಗೆದವಳು ಅವಳೇ. ಹೆಬ್ಬಾಳದ ಕಡೆಯ ಒಂದು ಕಂಪನಿ ಹಳೆಯದನ್ನೆಲ್ಲ ಹೊರಹಾಕುತ್ತಿತ್ತು. ಶಾಲೆಯ ಗಣಿತದ ಮೇಷ್ಟ್ರು ರಘುನಾಥ್ ಹೇಗೋ ಸುದ್ದಿ ಹಿಡಿದು ಕಾಗದ ಬರೆದು ಅವನ್ನು ಕೇಳಿ ಪಡೆದಿದ್ದರು. ಕೊಡುವ ಮುಂಚೆ ಕಂಪನಿಯವರು ಹಾರ್ಡ್ ಡಿಸ್ಕ್‌ಗಳನ್ನು ಕಿತ್ತುಕೊಂಡಿದ್ದರು. ಒಳಗೆ ಅವರ ಲೆಕ್ಕಪತ್ರ, ಗುಟ್ಟು ಎಲ್ಲ ಇರುತ್ತದೆ, ಹೊರಗೆ ಹೋಗಬಾರದು ಎಂದು ಅವರ ಕಾಯ್ದೆ.

ಟೆಂಪೋದ ಜೊತೆ ಬಂದಿದ್ದವನು ನೂರುಲ್ಲಾ. ಆರ್.ಟಿ. ನಗರದ ಒಂದು ಗಲ್ಲಿಯಲ್ಲಿ ಹಳೇ ಕಂಪ್ಯೂಟರ್ ಕೊಂಡು ಬಿಚ್ಚಿ ಜೋಡಿಸಿ ಮಾರುವ ಅಂಗಡಿ ಅವನದು. ಅವನು ಒಂದರ ಮುಚ್ಚಳ ತೆಗೆದು ಹಣೆ ಚಚ್ಚಿಕೊಂಡ. "ಮೇಷ್ಟ್ರೇ, ಹದಿನೈದಕ್ಕೆ ಡಿಸ್ಕ್ ಹಾಕ್ಸೋಕೆ ನಿಮ್ ಹತ್ರ ದುಡ್ಡಿಲ್ಲ. ವಿಂಡೋಸ್ ಹಾಕ್ಸೋಕೂ ಇಲ್ಲ. ಇದನ್ನ ತೊಗೊಂಡು ಏನ್ ಮಾಡ್ತೀರಾ, ಮಕ್ಕಳಿಗೆ ಕೂರೋಕೆ ಸ್ಟೂಲ್ ಮಾಡ್ತೀರಾ?"

ರಘುನಾಥ್ ನಗಲಿಲ್ಲ. ಒಂದೇ ಒಂದಕ್ಕೆ ಹಾರ್ಡ್ ಡಿಸ್ಕ್ ಹಾಕು, ಮೆಮೊರಿ ಜಾಸ್ತಿ ಮಾಡು, ಮಿಕ್ಕವನ್ನೆಲ್ಲ ವೈರಿನಲ್ಲಿ ಅದಕ್ಕೆ ಜೋಡಿಸೋಣ ಎಂದರು. ಒಂದು ತರಬೇತಿಯಲ್ಲಿ ಅವರು ಇದನ್ನು ನೋಡಿ ಬಂದಿದ್ದರು. ಮುಕ್ತ ತಂತ್ರಾಂಶ, ದುಡ್ಡು ಕೊಡಬೇಕಾಗಿಲ್ಲ, ಯಾರು ಬೇಕಾದರೂ ನಕಲು ಮಾಡಿಕೊಳ್ಳಬಹುದು, ತಿದ್ದಬಹುದು, ಇನ್ನೊಬ್ಬರಿಗೆ ಹಂಚಬಹುದು. ನೂರುಲ್ಲಾ ನಂಬಲಿಲ್ಲ, ಆದರೆ ಬಿಟ್ಟು ಹೋಗಲೂ ಇಲ್ಲ. ಎರಡು ಭಾನುವಾರ ಬಂದು ಕೂತ. ಹದಿನೈದರಲ್ಲಿ ಒಂದು ಕೆಟ್ಟಿತ್ತು. ಅದನ್ನು ಮೊದಲ ದಿನವೇ ಪರೀಕ್ಷೆಗೆಂದು ಅಂಗಡಿಗೆ ಒಯ್ದು, ಹದಿನೈದು ದಿನ ಬಿಟ್ಟು, "ಇದು ಸತ್ತೋಗಿದೆ" ಎಂದು ತಂದು ಸಾಮಾನಿನ ಕೋಣೆಗೆ ಹಾಕಿ ಹೋದ. ಒಂದು ತಾಯಿ ಮಿಷಿನ್ನಾಯಿತು. ಉಳಿದ ಹದಿಮೂರು ಅದರ ಆಸರೆಯಲ್ಲಿ ಎದ್ದು ಕೂತವು.

"ಅಡಿಗೆ ಒಂದ್ಕಡೆ, ತಟ್ಟೆ ಹದಿಮೂರು ಕಡೆ," ಎಂದು ರಘುನಾಥ್ ಮಕ್ಕಳಿಗೆ ವಿವರಿಸಿದರು. ಬಾಗಿಲ ಬಳಿ ಪೊರಕೆ ಹಿಡಿದು ನಿಂತಿದ್ದ ಮುನಿಕೆಂಪಮ್ಮನಿಗೂ ಅದು ಅರ್ಥವಾಯಿತು. ದುಡ್ಡಿಲ್ಲದೆ ಅದನ್ನು ಯಾಕೆ ಕೊಡುತ್ತಾರೆ ಎನ್ನುವುದೊಂದು ಹೊಳೆಯದೆ ಒಂದು ದಿನ ಕೇಳಿಯೇಬಿಟ್ಟಳು. ರಘುನಾಥ್ ಏನೇನೋ ಹೇಳಿದರು. ಕೊನೆಗೆ ಅವಳೇ, "ಎಪ್ಪು ಕೊಟ್ಟಂಗೆ ಅನ್ನಿ. ಪಕ್ಕದ್ಮನೇರ್ಗೆ ಒಂದು ಚಮಚ ಎಪ್ಪು ಕೊಟ್ರೆ ನಮ್ ಮೊಸರೇನ್ ಕಮ್ಮಿಯಾಗಲ್ವಲ್ಲ," ಎಂದಳು. ರಘುನಾಥ್ ಅದನ್ನು ಮುಂದಿನ ಕ್ಲಾಸಿನಲ್ಲಿ ತಮ್ಮದೇ ಮಾತು ಎಂಬಂತೆ ಹೇಳಿದರು.

ಅವಳು ಕಲಿಯಬೇಕೆಂದು ಯಾರೂ ಅಂದುಕೊಂಡದ್ದಲ್ಲ. ಮಿಷಿನ್ನುಗಳು ಮುದುಕರಂತೆ, ಏಳಲು ಹತ್ತು ನಿಮಿಷ ಬೇಕು. ಅಷ್ಟರಲ್ಲಿ ನಲವತ್ತು ಮಕ್ಕಳು ಕೋಣೆಯನ್ನು ತಲೆಕೆಳಗು ಮಾಡುತ್ತಿದ್ದರು. "ಕೆಂಪಮ್ಮ, ಬೆಳಿಗ್ಗೆ ಗುಡಿಸ್ತೀರಲ್ಲ, ಹಾಗೇ ಆನ್ ಮಾಡಿಬಿಡಿ," ಎಂದರು ರಘುನಾಥ್. ಮೊದಲು ತಾಯಿ. ಅದು ಪೂರ್ತಿ ಏಳುವವರೆಗೆ ಮಿಕ್ಕವನ್ನು ಮುಟ್ಟಬಾರದು. ಆಮೇಲೆ ವೈರುಗಳೆಲ್ಲ ಸೇರುವ ಪುಟ್ಟ ಪೆಟ್ಟಿಗೆ, ಅದರ ಹಸಿರು ದೀಪ ಮಿನುಗಬೇಕು. ಆಮೇಲೆ ಒಂದೊಂದೇ ಮಿಷಿನ್ನು. ಕೀಬೋರ್ಡಿನ ಮೇಲಿನ ಸಾಲಿನಲ್ಲಿ ಕೊನೆಯ ಗುಂಡಿ, ಎಫ್ ಹನ್ನೆರಡು, ಅದನ್ನು ಒತ್ತಿ ಹಿಡಿಯಬೇಕು. ಒತ್ತದಿದ್ದರೆ ಅದು ತನ್ನ ಹೊಟ್ಟೆಯಲ್ಲಿ ಇಲ್ಲದ ಡಿಸ್ಕನ್ನು ಹುಡುಕುತ್ತಾ ಕಪ್ಪು ಪರದೆಯಲ್ಲೇ ನಿಲ್ಲುತ್ತದೆ.

ಪರದೆ ಬೆಳಗಿದರೆ ಅದರ ಮೇಲೆ ಕನ್ನಡವಿತ್ತು. ಅವಳನ್ನು ಹಿಡಿದು ಕೂರಿಸಿದ್ದು ಅದು. ಹಿಂದೆ ಸರ್ಕಾರದ ಯೋಜನೆಯಲ್ಲಿ ಬಂದು ಹೋದ ಕಂಪ್ಯೂಟರುಗಳಲ್ಲಿ ಎಲ್ಲ ಇಂಗ್ಲಿಷ್. ಅವಳು ಧೂಳು ಒರೆಸಿದ್ದಷ್ಟೆ. ಇಲ್ಲಿ ಮೇಲಿನ ಪಟ್ಟಿಯಲ್ಲಿ 'ಕಡತ' ಎಂದಿತ್ತು. "ಅಯ್ಯೋ, ಇದೇನ್ ಸಾ ತಾಲೂಕಾಪೀಸ್ ಇದ್ದಂಗೈತೆ," ಎಂದು ನಕ್ಕಳು. ರಘುನಾಥ್ ಒಂದು ಕೀಬೋರ್ಡಿನ ಗುಂಡಿಗಳ ಮೂಲೆಯಲ್ಲಿ ಕಪ್ಪು ಪೆನ್ನಿನಿಂದ ಕನ್ನಡ ಅಕ್ಷರ ಬರೆದುಕೊಟ್ಟರು. ಒಂದು ವರ್ಷದಲ್ಲಿ ಅವಳು ದಿನಾ ಬಿಸಿಯೂಟಕ್ಕೆ ಎಷ್ಟು ಮಕ್ಕಳು ಎಂಬ ಚೀಟಿಯನ್ನು ಟೈಪ್ ಮಾಡಿ ಅಡಿಗೆಯವರಿಗೆ ಕೊಡುವಂತಾದಳು. ಪರೀಕ್ಷೆ ಬಂದರೆ ಬೆಂಚಿಗೆ ಅಂಟಿಸುವ ನಂಬರುಗಳೂ ಅವಳ ಕೈಯಲ್ಲೇ. ನೂರುಲ್ಲಾ ಆಗೀಗ ಬಂದಾಗ, ಯಾವ ಸದ್ದು ಬಂದರೆ ಎಲ್ಲಿ ಕೈ ಹಾಕಬೇಕು ಎಂದು ತೋರಿಸಿಕೊಡುತ್ತಿದ್ದ.

೨೦೧೫ರಲ್ಲಿ ರಘುನಾಥ್‌ಗೆ ಮಾಕಳಿಗೆ ವರ್ಗವಾಯಿತು. ಆ ಬೇಸಿಗೆಯ ನಂತರ ಅವರ ಜಾಗಕ್ಕೆ ಬಂದವರು ಆಶಾರಾಣಿ, ಇಪ್ಪತ್ತೇಳು ವರ್ಷದ ಹುಡುಗಿ, ಮೊದಲ ಪೋಸ್ಟಿಂಗು. ಕಂಪ್ಯೂಟರ್ ಗೊತ್ತಿದ್ದರೂ ಈ ಬಗೆಯದು ಗೊತ್ತಿರಲಿಲ್ಲ. ಮುನಿಕೆಂಪಮ್ಮ ಆನ್ ಮಾಡಿಟ್ಟರೆ ಪಾಠ ಮಾಡುತ್ತಿದ್ದರು. ಹೇಗೆ ಆನ್ ಆಯಿತು ಎಂದು ಕೇಳುವ ಅಗತ್ಯ ಬಂದಿರಲಿಲ್ಲ. ಹಳೆಯ ಹೆಡ್‌ಮಿಸ್ಟ್ರೆಸ್ ಶಶಿರೇಖಾ ಏಪ್ರಿಲ್‌ನಲ್ಲಿ ನಿವೃತ್ತರಾಗಿ ಊರು ಬಿಟ್ಟಿದ್ದರು. ಹೀಗಾಗಿ ಶಿವರಾಮ್ ಬಂದಾಗ, ಹದಿನೈದು ಕಂಪ್ಯೂಟರುಗಳ ಕಥೆ ಪೂರ್ತಿ ಬಲ್ಲವಳು ಶಾಲೆಯಲ್ಲಿ ಒಬ್ಬಳೇ ಉಳಿದಿದ್ದಳು. ಅವಳ ಕೈಗೇ ಮೆಮೊ ಬಂದಿತ್ತು.

ಆ ಸಂಜೆ ಗಂಡ ಮುನಿವೆಂಕಟಯ್ಯ ಮೆಮೊವನ್ನು ಎರಡು ಸಲ ಓದಿಸಿಕೊಂಡು ಕೇಳಿದ. ಅವನು ಅಟ್ಟೂರು ಲೇಔಟಿನ ಒಂದು ಅಪಾರ್ಟ್‌ಮೆಂಟಿನಲ್ಲಿ ಸೆಕ್ಯುರಿಟಿ.

"ನಿಂಗ್ಯಾಕ್ ಬೇಕಿತ್ತು ಕೆಂಪಿ ಅದ್ರ ಸವಾಸ? ಗುಡ್ಸೋದ್ ನಿನ್ ಕೆಲ್ಸ, ಗುಡ್ಸಿ ಬರೋದಲ್ವಾ?"

"ಗುಡ್ಸಿದ್ರೂ ಬೀಗ ನನ್ತಾವೇ ಇರ್ತಿತ್ತು," ಎಂದಳು ಅವಳು.

ಅವನು ತನ್ನ ಫೋನನ್ನು ಅವಳ ಮುಂದಿಟ್ಟು, "ಆ ಮೇಷ್ಟ್ರಿಗೆ ಮಾಡು," ಎಂದ.

ರಘುನಾಥ್ ಕೇಳಿ ಕೂಗಾಡಿದರು. ನಾಳೆಯೇ ಬರುತ್ತೇನೆ ಎಂದರು. "ನಿಮ್ಮನ್ನೂ ಇಚಾರಿಸ್ಬೇಕು ಅಂತಿದ್ರು ಸಾ, ನೀವೇ ತಂದೋರಂತೆ," ಎಂದಾಗ ಅವರ ಕೂಗು ತಗ್ಗಿತು. ಕಂಪನಿಯ ಕಾಗದದಲ್ಲಿ ಹದಿನೈದು ಕಂಪ್ಯೂಟರ್ ಎಂದಷ್ಟೇ ಇತ್ತು, ಡಿಸ್ಕಿನ ವಿಷಯ ಬರೆಸಿಕೊಳ್ಳಬೇಕೆಂದು ಅವರಿಗಾಗ ಹೊಳೆದಿರಲಿಲ್ಲ. ಆ ಕಂಪನಿ ಈಗ ಹೆಬ್ಬಾಳದಲ್ಲಿ ಇರಲೂ ಇಲ್ಲ.

"ಆನ್ ಮಾಡಿ ತೋರ್ಸಿ ಕೆಂಪಮ್ಮ. ಬೇರೆ ದಾರಿ ಇಲ್ಲ."

"ರೂಮಿಗೆ ಸೀಲ್ ಆಕವ್ರೆ."

ಬುಧವಾರ ನೂರುಲ್ಲಾ ಬಂದ. ರಘುನಾಥ್ ಕಳಿಸಿದ್ದರು. ನೇರವಾಗಿ ಹೆಡ್‌ಮಾಸ್ಟರ ಕೋಣೆಗೆ ಹೋಗಿ, "ಸಾಬ್, ನನ್ ಕಣ್ಣಾರೆ ನೋಡಿದೀನಿ. ಆ ಕಂಪನಿ ಬೇಸ್‌ಮೆಂಟಲ್ಲಿ ಡ್ರಿಲ್ಲಿಂಗ್ ಮಿಷಿನ್ ಇಟ್ಕೊಂಡು ಒಂದೊಂದ್ ಡಿಸ್ಕ್‌ಗೂ ತೂತ್ ಹೊಡೀತಿದ್ರು. ಈ ಅಕ್ಕ ಏನೂ ಮಾಡಿಲ್ಲ," ಎಂದ.

"ನಿಮ್ದೇನ್ ಕೆಲ್ಸ?" ಶಿವರಾಮ್ ಕೇಳಿದರು.

"ಹಳೇ ಪಾರ್ಟ್ಸ್ ಬಿಸಿನೆಸ್ ಸಾಬ್."

"ಹಾರ್ಡ್ ಡಿಸ್ಕ್ ಕೂಡ ಮಾರ್ತೀರಾ?"

"ಮಾರ್ತೀನಿ..." ಎನ್ನುತ್ತಿದ್ದಂತೆ ನೂರುಲ್ಲಾನಿಗೆ ಮಾತು ಎಲ್ಲಿಗೆ ಹೋಗುತ್ತಿದೆ ಎಂದು ತಿಳಿಯಿತು. ಹೊರಗೆ ಬಂದಾಗ ಅವನ ಮುಖ ಇಳಿದಿತ್ತು. "ಅಕ್ಕಾ, ನಾನು ಬಂದು ಇನ್ನೂ ಹಾಳ್ ಮಾಡ್ದೆ," ಎಂದ. ಅವಳು ಅವನಿಗೆ ಕುಡಿಯಲು ನೀರು ಕೊಟ್ಟಳು.

ಆ ಎರಡು ದಿನ ಅವಳು ಕೆಲಸವೇನೂ ನಿಲ್ಲಿಸಲಿಲ್ಲ. ಗಂಟೆ ಹೊತ್ತಿಗೆ ಸರಿಯಾಗಿ ಹೊಡೆದಳು. ಆದರೆ ಆಫೀಸಿನಲ್ಲಿ ಯಾರೋ ತಮ್ಮ ಪರ್ಸನ್ನು ಮೇಜಿನ ಮೇಲಿಂದ ಎತ್ತಿ ಡ್ರಾಯರಿಗೆ ಹಾಕಿಕೊಂಡದ್ದನ್ನು ನೋಡಿದಳು. ಅವಳಿಗಾಗಿ ಹಾಗೆ ಮಾಡಿದರೋ, ಸುಮ್ಮನೆ ಮಾಡಿದರೋ ಗೊತ್ತಿಲ್ಲ.

ಶುಕ್ರವಾರ ಬೆಳಿಗ್ಗೆ ಶಿವರಾಮ್ ಕೇಳಿದರು: "ಸಮಜಾಯಿಷಿ ತಂದಿದೀಯಾಮ್ಮ?"

"ಇಲ್ಲ ಸಾ. ಇಲ್ಲೇ ಬರೀತೀನಿ. ಆ ರೂಮ್ ತೆಗೀರಿ, ಅಲ್ಲಿ ಕುಂತು ಬರೀತೀನಿ. ನೀವೂ ಬನ್ನಿ, ಮಿಸ್ಸೂ ಬರ್ಲಿ. ನಾನ್ ಒಬ್ಳೇ ಒಳಿಕ್ಕೆ ಓಗಲ್ಲ."

ಶಿವರಾಮ್ ಡ್ರಾಯರಿನಿಂದ ಬೀಗದ ಕೈ ತೆಗೆದರು.

ಮುದ್ರೆ ಒಡೆದು ಬಾಗಿಲು ತೆಗೆದಾಗ ಒಳಗೆ ಮುಗ್ಗಲು ವಾಸನೆ. ಅವಳು ಮೊದಲು ಕಿಟಕಿ ತೆರೆದಳು. ಮೂಲೆಯ ಬಟ್ಟೆ ಎಳೆದು ತಾಯಿ ಮಿಷಿನ್ನಿನ ಗುಂಡಿ ಒತ್ತಿದಳು. ಫ್ಯಾನು ತಿರುಗಿತು. ಪರದೆ ಬರಲಿಲ್ಲ. ಒಳಗಿನಿಂದ ಪೀಂ, ಪೀಂ, ಪೀಂ ಎಂದು ಉದ್ದನೆಯ ಸದ್ದು.

ಶಿವರಾಮ್ ಕೈಕಟ್ಟಿ ನಿಂತಿದ್ದರು. ಆಶಾರಾಣಿ ಮಿಷಿನ್ನಿನ ಹತ್ತಿರ ಬಂದರು. "ಕೆಂಪಮ್ಮ, ಇದೂ ಕೆಟ್ಟೋಗಿದ್ಯಾ?" ಎಂದರು ಮೆಲ್ಲಗೆ.

"ಇಲ್ಲ ಮಿಸ್ಸೇ. ರಜೇಲಿ ಧೂಳ್ ಕುಂತೈತೆ. ನಿಮ್ತಾವ ರಬ್ಬರ್ ಐತಾ? ಮಕ್ಳು ಪೆನ್ಸಿಲ್ ಅಳಿಸ್ತಾರಲ್ಲ, ಅದು."

ಆಶಾರಾಣಿ ಎಂಟನೇ ತರಗತಿಗೆ ಓಡಿ ಹೋಗಿ ಒಂದು ರಬ್ಬರ್ ತಂದರು. ಮುನಿಕೆಂಪಮ್ಮ ಪ್ಲಗ್ ಕಿತ್ತು, ಮುಚ್ಚಳ ಸರಿಸಿ, ಒಳಗೆ ನೆಟ್ಟಗೆ ನಿಂತಿದ್ದ ಎರಡು ಹಸಿರು ಮೆಮೊರಿ ಪಟ್ಟಿಗಳ ಕಿವಿ ಸಡಿಲಿಸಿ ಎತ್ತಿಕೊಂಡಳು. ಅಂಚಿನ ಚಿನ್ನದ ಬಣ್ಣದ ಹಲ್ಲುಗಳನ್ನು ರಬ್ಬರಿನಿಂದ ತಿಕ್ಕಿ, ಸೆರಗಿನಿಂದ ಮುಟ್ಟದೆ ಬಾಯಿಂದ ಊದಿ, ಮತ್ತೆ ಟಕ್ಕೆಂದು ಕೂರಿಸಿದಳು. ಶಿವರಾಮ್ ಕೈಬಿಚ್ಚಿ ಒಂದು ಹೆಜ್ಜೆ ಹತ್ತಿರ ಬಂದಿದ್ದರು.

ಈ ಸಲ ಒಂದೇ ಒಂದು ಸಣ್ಣ ಸದ್ದು. ಪರದೆ ಬೆಳಗಿತು. ಅವಳು ಅದನ್ನು ಅದರ ಪಾಡಿಗೆ ಬಿಟ್ಟು ಬೆಂಚುಗಳ ಧೂಳು ಹೊಡೆದಳು. ಹಸಿರು ದೀಪ ಮಿನುಗಿದ ಮೇಲೆ ಒಂದನೇ ಮಿಷಿನ್ನಿನ ಬಳಿ ಹೋಗಿ ಎಫ್ ಹನ್ನೆರಡು ಹಿಡಿದಳು. ನಾಲ್ಕು ದಿನದ ಕೆಳಗೆ ರಿಪೇರಿಯವನು ಬಿಚ್ಚಿ ಮುಚ್ಚಳವನ್ನೂ ಹಾಕದೆ ಹೋಗಿದ್ದ ಮಿಷಿನ್ನು ಅದು. ಡಿಸ್ಕ್ ಇರಬೇಕಾದ ಜಾಗ ಖಾಲಿಯಿರುವುದು ಎಲ್ಲರಿಗೂ ಕಾಣುತ್ತಿತ್ತು. ಪರದೆಯ ಮೇಲೆ ಚುಕ್ಕಿಗಳು ಓಡಿದವು, ಆಮೇಲೆ ಶಾಲೆಯ ಹೆಸರು ಕನ್ನಡದಲ್ಲಿ ಮೂಡಿತು. ಎರಡನೆಯದು. ಮೂರನೆಯದು. ಹತ್ತನೆಯದು ಮುಷ್ಕರ ಹೂಡಿತು, ಅದರ ವೈರು ಇಲಿ ಕಡಿದಿತ್ತು. ಹನ್ನೆರಡು ಓಡಿದವು.

ಶಿವರಾಮ್ ಬಾಗಿ ಖಾಲಿ ಡಬ್ಬದೊಳಗೆ ನೋಡಿದರು, ಪರದೆ ನೋಡಿದರು, ಮತ್ತೆ ಡಬ್ಬ ನೋಡಿದರು. ಅವರ ದನಿ ಬದಲಾಗಿತ್ತು, ಆದರೆ ಎಚ್ಚರಿಕೆ ಬಿಟ್ಟಿರಲಿಲ್ಲ. "ಓಡ್ತವೆ, ಒಪ್ದೆ. ಆದ್ರೆ ಬರುವಾಗ್ಲೇ ಇರ್ಲಿಲ್ಲ ಅನ್ನೋದಕ್ಕೆ ಇದು ಸಾಕ್ಷಿ ಆಗಲ್ವಲ್ಲಮ್ಮ. ಆಮೇಲೆ ತೆಗೆದು, ಹೀಗೆ ಓಡ್ಸಿರ್ಬೋದು."

"ಆಯ್ತು ಸಾ. ಬರೀತೀನಿ," ಎಂದು ಅವಳು ಕನ್ನಡ ಅಕ್ಷರ ಬರೆದಿದ್ದ ಕೀಬೋರ್ಡಿನ ಮುಂದೆ ಕೂತಳು.

ಎರಡು ತೋರುಬೆರಳಿನಲ್ಲಿ ಟೈಪ್ ಮಾಡುವುದು ಅವಳ ರೀತಿ. ಶಿವರಾಮ್ ಸ್ವಲ್ಪ ಹೊತ್ತು ನೋಡಿ, ಒಂದು ಕ್ಲಾಸ್ ಮುಗಿಸಿ ಬರುತ್ತೇನೆಂದು ಹೋದರು. ಆಶಾರಾಣಿ ಪಕ್ಕದಲ್ಲೇ ಕೂತರು. ಬಿಸಿಯೂಟದ ಚೀಟಿಗಿಂತ ಉದ್ದವಾದದ್ದನ್ನು ಮುನಿಕೆಂಪಮ್ಮ ಎಂದೂ ಬರೆದಿರಲಿಲ್ಲ. ಎಲ್ಲಿಂದ ಶುರು ಮಾಡುವುದು ತಿಳಿಯದೆ, ಗೇಟಿನಿಂದಲೇ ಶುರು ಮಾಡಿದಳು.

'ಮುನಿಕೆಂಪಮ್ಮ ಆದ ನಾನು ಬರೆಯುವುದು ಏನೆಂದರೆ, ಕಂಪ್ಯೂಟರು ಬಂದ ದಿನ ನಾನೇ ಗೇಟು ತೆಗೆದೆ. ಹದಿನೈದು ಬಂದವು. ಒಂದನ್ನು ನೂರುಲ್ಲಾ ಅವರು ಅವತ್ತೇ ಅಂಗಡಿಗೆ ತೆಗೆದುಕೊಂಡು ಹೋದರು. ಹದಿನಾಲ್ಕನ್ನು ನಾನು ಒಳಗೆ ಇಟ್ಟು ಒರೆಸಿದೆ. ಒಂದೊಂದರ ಬೆನ್ನಿಗೂ ಹಳದಿ ಚೀಟಿ ಅಂಟಿಸಿದ್ದರು. ನೋಡಲು ಗಲೀಜಾಗಿತ್ತು. ಸೀಮೆಎಣ್ಣೆ ಹಾಕಿ ಉಜ್ಜಿ ಹದಿನಾಲ್ಕು ಚೀಟಿಯನ್ನೂ ತೆಗೆದೆ.'

ಅಲ್ಲಿಗೆ ಅವಳ ಬೆರಳು ನಿಂತಿತು. ನಾಲ್ಕು ವರ್ಷದಲ್ಲಿ ಒಮ್ಮೆಯೂ ನೆನಪಾಗದ ಚೀಟಿಗಳು ಅವು. ಏನು ಬರೆದಿತ್ತೋ ಅವಳಿಗೆ ಗೊತ್ತಿರಲಿಲ್ಲ, ಇಂಗ್ಲಿಷ್. ಹದಿನಾಲ್ಕು ಉಜ್ಜಿದ್ದೆ. ಬಂದದ್ದು ಹದಿನೈದು.

"ಬನ್ನಿ ಮಿಸ್ಸೇ," ಎಂದು ಎದ್ದಳು.

ಸಾಮಾನಿನ ಕೋಣೆಯಲ್ಲಿ ಮುರಿದ ಬೆಂಚುಗಳ ಕೆಳಗೆ, ಹಳೇ ಭೂಪಟಗಳ ಹಿಂದೆ, ಸತ್ತ ಹದಿನೈದನೆಯದು ಮಲಗಿತ್ತು. ಅದನ್ನು ಇಬ್ಬರೂ ಹಿಡಿದು ಹೊರಗೆಳೆದರು. ಬೆನ್ನಿನಲ್ಲಿ, ಜೇಡರ ಬಲೆಯ ಅಡಿಯಲ್ಲಿ, ಹಳದಿ ಚೀಟಿ ಹಾಗೇ ಇತ್ತು. ಮೂರು ಸಾಲು ಇಂಗ್ಲಿಷ್, ಕೆಳಗೊಂದು ಸೈನು.

ಆಶಾರಾಣಿ ಬಗ್ಗಿ ಬಾಯಿ ತೆರೆಯುವಷ್ಟರಲ್ಲಿ ಮುನಿಕೆಂಪಮ್ಮ ಕೈ ಅಡ್ಡ ಹಿಡಿದಳು. "ಓದ್ಬೇಡಿ ಮಿಸ್ಸೇ. ಆಮೇಲೆ ನೀವೇ ಏಳ್ಕೊಟ್ರಿ ಅಂತಾರೆ. ಅದ್ರಲ್ಲಿ ಏನೈತೋ ಅದೇ ನಾನ್ ಬರೀತೀನಿ."

"ಅದ್ರಲ್ಲಿ ಬೇರೆ ಏನಾದ್ರೂ ಇದ್ರೆ?"

"ಇದ್ರೆ ಇರ್ಲಿ."

ಡಬ್ಬವನ್ನು ಕೀಬೋರ್ಡಿನ ಪಕ್ಕಕ್ಕೆ ತಂದಿಟ್ಟುಕೊಂಡಳು. ಭಾಷೆ ಬದಲಾಯಿಸುವ ಗುಂಡಿ ಅವಳಿಗೆ ಗೊತ್ತಿತ್ತು. ಚೀಟಿಯ ಮೇಲಿನ ಒಂದೊಂದು ಆಕಾರವನ್ನೂ ಗುಂಡಿಗಳ ಮೇಲಿನ ಆಕಾರಗಳ ನಡುವೆ ಹುಡುಕಿ, ಬೆರಳಿಟ್ಟು ಒತ್ತಿದಳು. ಒತ್ತಿ ಪರದೆ ನೋಡಿ ಬೆಚ್ಚಿದಳು. ಗುಂಡಿಯ ಮೇಲೆ ಇದ್ದದ್ದು ಏಣಿಯಂಥ ಆಕಾರ, ಪರದೆಯ ಮೇಲೆ ಬಂದದ್ದು ಕುರ್ಚಿಯಂಥದ್ದು. "ಇದ್ಯಾಕ್ ಮಿಸ್ಸೇ ಬೇರೆ ಬಂತು?"

"ಎರಡೂ ಒಂದೇ ಅಕ್ಷರ ಕೆಂಪಮ್ಮ. ದೊಡ್ಡದು, ಚಿಕ್ಕದು. ಮುಂದಕ್ಕೆ ಹೋಗಿ," ಎಂದರು ಆಶಾರಾಣಿ. ಅವರು ಅಷ್ಟು ಹೊತ್ತಿಗಾಗಲೇ ಚೀಟಿ ಓದಿಬಿಟ್ಟಿದ್ದರು. ಕಣ್ಣು ಓದುವುದನ್ನು ತಡೆಯುವುದು ಯಾರಿಂದಾಗುತ್ತದೆ? ಆದರೆ ಮುಖವನ್ನು ಗೋಡೆಯ ಕಡೆ ತಿರುಗಿಸಿಕೊಂಡು ಕೂತರು.

ಮೂರು ಸಾಲಿಗೆ ಅರ್ಧ ಗಂಟೆ ಹಿಡಿಯಿತು. ಕೆಳಗೆ ಮತ್ತೆ ಕನ್ನಡಕ್ಕೆ ಬಂದು, 'ಮೇಲಿನದು ಏನೆಂದು ನನಗೆ ತಿಳಿಯದು. ಚೀಟಿಯಲ್ಲಿ ಇದ್ದ ಹಾಗೆ ಬರೆದಿದ್ದೇನೆ. ಹದಿನಾಲ್ಕು ಚೀಟಿ ತೆಗೆದದ್ದು ನನ್ನ ತಪ್ಪು. ಬೇರೆ ಏನನ್ನೂ ನಾನು ತೆಗೆದಿಲ್ಲ,' ಎಂದು ಮುಗಿಸಿ ಹೆಸರು ಹಾಕಿ ಪ್ರಿಂಟ್ ಕೊಟ್ಟಳು.

ಶಿವರಾಮ್ ಬಂದು ನಿಂತೇ ಓದಿದರು. ಇಂಗ್ಲಿಷ್ ಸಾಲುಗಳಿಗೆ ಬಂದಾಗ ಡಬ್ಬದ ಬಳಿ ಕೂತು, ಚೀಟಿಯ ಧೂಳು ಒರೆಸಿ, ಅದನ್ನೂ ಕೈಯಲ್ಲಿದ್ದ ಹಾಳೆಯನ್ನೂ ಅಕ್ಷರಕ್ಕೆ ಅಕ್ಷರ ತಾಳೆ ನೋಡಿದರು. ಆಮೇಲೆ ಗಟ್ಟಿಯಾಗಿ ಕನ್ನಡದಲ್ಲಿ ಹೇಳಿದರು: "ಹಾರ್ಡ್ ಡಿಸ್ಕ್ ತೆಗೆದು ನಾಶ ಮಾಡಲಾಗಿದೆ. ಒಂಬತ್ತನೇ ಆಗಸ್ಟ್ ಎರಡು ಸಾವಿರದ ಹನ್ನೆರಡು. ಹದಿನೈದರಲ್ಲಿ ಹನ್ನೊಂದನೆಯದು."

ದಾಸ್ತಾನು ಪುಸ್ತಕದಲ್ಲಿ ಕಂಪ್ಯೂಟರುಗಳು ಶಾಲೆಗೆ ಬಂದ ತಾರೀಕು ಆಗಸ್ಟ್ ಹನ್ನೊಂದು.

ಮುನಿಕೆಂಪಮ್ಮ ಬೆಂಚಿನ ಮೇಲೆ ಕೂತುಬಿಟ್ಟಳು. ಮೂರು ದಿನದಿಂದ ಬರದ ಅಳು ಆಗ ಬಂತು. ಹೆಡ್‌ಮಾಸ್ಟರ್ ಎದುರು ಕೂತಿದ್ದೇನೆ ಎಂಬ ಎಚ್ಚರ ಬಂದು ಏಳಲು ನೋಡಿದಳು. "ಕೂತ್ಕೊಳ್ಳಿ, ಕೂತ್ಕೊಳ್ಳಿ," ಎಂದರು ಶಿವರಾಮ್. "ಆನ್ ಮಾಡಿ ತೋರ್ಸಿ ಅಂತ ನಾನು ಮೊದ್ಲೇ ಕೇಳ್ಬೇಕಿತ್ತು," ಎಂದರು.

"ನಾನ್ ಏಳ್ದೆ ಸಾ ಅವತ್ತೇ. ನೀವು ಕೇಳಿಸ್ಕಳ್ನಿಲ್ಲ."

ಅವರು ಹೌದೆನ್ನುವಂತೆ ತಲೆಯಾಡಿಸಿದರು.

ಮೆಮೊ ಹರಿದುಹಾಕಿ ಎಂದು ಅವಳು ಕೇಳಿದಳು. ಅದಕ್ಕೆ ನಂಬರು ಬಿದ್ದಿದೆ, ಹರಿಯಲಾಗುವುದಿಲ್ಲ, ಆದರೆ ನಿಮ್ಮ ಸಮಜಾಯಿಷಿ ಅದರ ಜೊತೆಗೇ ಫೈಲಿನಲ್ಲಿ ಇರುತ್ತದೆ ಎಂದರು ಶಿವರಾಮ್. ಅವಳ ಹಾಳೆಯ ಕೆಳಗೆ 'ವಿವರಣೆಯನ್ನು ಒಪ್ಪಲಾಗಿದೆ' ಎಂದು ಬರೆದು ಸೈನ್ ಮಾಡಿ, ಅವಳಿಗೂ ಒಂದು ಪ್ರತಿ ಕೊಟ್ಟರು. ಮಾರನೇ ದಿನ ಪ್ರಾರ್ಥನೆ ಮುಗಿದ ಮೇಲೆ ಸ್ಟಾಫ್ ರೂಮಿನಲ್ಲಿ ಎಲ್ಲರ ಮುಂದೆ ಅದನ್ನು ಓದಿದರು. ಪರ್ಸ್ ಡ್ರಾಯರಿಗೆ ಹಾಕಿದ್ದವರು ಯಾಕೋ ಅವತ್ತು ಅವಳಿಗೆ ತಾವೇ ಕಾಫಿ ಬಗ್ಗಿಸಿ ಕೊಟ್ಟರು. ಅವಳು ಕುಡಿದಳು.

ಬೀಗದ ಕೈಯನ್ನು ಮಾತ್ರ ಅವಳು ಮುಟ್ಟಲಿಲ್ಲ. "ಮಿಸ್ಸಿಗೆ ಕೊಡಿ ಸಾ. ನಾನು ಆನ್ ಮಾಡ್ತೀನಿ, ಬೀಗ ಅವ್ರು ಆಕ್ಲಿ." ತಿಂಗಳೊಳಗೆ ಆಶಾರಾಣಿ ಅವಳಿಂದ ಎಫ್ ಹನ್ನೆರಡು, ಹಸಿರು ದೀಪ, ರಬ್ಬರು ಎಲ್ಲ ಕಲಿತರು, ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟರು. ನೂರುಲ್ಲಾ ಇಲಿ ಕಡಿದ ವೈರು ಬದಲಾಯಿಸಿ ಕೊಡಲು ಬಂದಾಗ ಶಿವರಾಮ್ ಎದ್ದು ಕುರ್ಚಿ ತೋರಿಸಿದರು.

ಮಾರನೇ ವರ್ಷ ನಾಗಸಂದ್ರದ ಕಡೆಯ ಒಂದು ಶಾಲೆಗೆ ಇಂಥದ್ದೇ ಎಂಟು ಹಳೇ ಕಂಪ್ಯೂಟರು ಬಂದವು. ಅಲ್ಲಿನ ಹೆಡ್‌ಮಾಸ್ಟರ್ ರಾಮಕೃಷ್ಣಪ್ಪ, ಶಿವರಾಮ್ ಅವರ ಸ್ನೇಹಿತರು, ನಡೆಸುವುದು ಹೇಗೆಂದು ತೋರಿಸಲು ಯಾರನ್ನಾದರೂ ಎರಡು ದಿನ ಕಳಿಸಿ ಎಂದು ಕೇಳಿದರು. ಶಿವರಾಮ್ ಆದೇಶ ಬರೆದು, ಹೆಸರಿನ ಜಾಗದಲ್ಲಿ ಮುನಿಕೆಂಪಮ್ಮ ಎಂದು ತುಂಬಿದರು. ಇವಳಿಗೆ ನಂಬಿಕೆಯಾಗಲಿಲ್ಲ. ಕಾಗದವನ್ನು ಬ್ಯಾಗಿನಲ್ಲಿಟ್ಟುಕೊಂಡು, ಜಾಲಹಳ್ಳಿ ಕ್ರಾಸಿನಲ್ಲಿ ಬಸ್ಸು ಬದಲಿಸಿ, ಒಂಬತ್ತೂವರೆಗೆಲ್ಲ ಅಲ್ಲಿದ್ದಳು. ಹಿಂದಿನ ವಾರವೇ ನೂರುಲ್ಲಾ ಹೋಗಿ ತಾಯಿ ಮಿಷಿನ್ನು ಜೋಡಿಸಿ ಬಂದಿದ್ದ.

ಕೋಣೆಯಲ್ಲಿ ಐದಾರು ಮೇಷ್ಟ್ರುಗಳು ನೋಟ್‌ಬುಕ್ ಹಿಡಿದು ಕಾಯುತ್ತಿದ್ದರು. ರಾಮಕೃಷ್ಣಪ್ಪ, "ಶುರು ಮಾಡೋಣ್ವಾ ಅಮ್ಮ?" ಎಂದರು.

"ಮಾಡೋಣ ಸಾ. ಈ ಸ್ಕೂಲಲ್ಲಿ ಕಸ ಗುಡ್ಸೋರು ಯಾರು?"

"ಗೋಪಾಲಮ್ಮ ಅಂತ. ಯಾಕೆ, ಇನ್ನೊಂದ್ಸಲ ಗುಡಿಸ್ಬೇಕಾ?"

"ಇಲ್ಲ, ಅವ್ರನ್ನೂ ಕರೀರಿ. ಮೇಷ್ಟ್ರುಗೆಲ್ಲಾ ಟ್ರಾನ್ಸ್‌ಫರ್ ಆಗ್ತದೆ."

ಮೇಷ್ಟ್ರುಗಳು ಒಬ್ಬರ ಮುಖ ಒಬ್ಬರು ನೋಡಿಕೊಂಡು ನಕ್ಕರು. ನೀರಿನ ತೊಟ್ಟಿಯ ಬಳಿ ಬಿಂದಿಗೆ ತೊಳೆಯುತ್ತಿದ್ದ ಗೋಪಾಲಮ್ಮ ಏನು ತಪ್ಪಾಯಿತೋ ಎಂದು ಗಾಬರಿಯಿಂದ ಬಂದು ಬಾಗಿಲಲ್ಲೇ ನಿಂತಳು. ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಳ್ಳುತ್ತಿದ್ದಳು.

"ಬಾ ತಾಯಿ, ಒಳಿಕ್ಕೆ," ಎಂದು ಮುನಿಕೆಂಪಮ್ಮ ತನ್ನ ಪಕ್ಕದ ಸ್ಟೂಲು ಎಳೆದಳು. "ಕನ್ನಡ ಓದಕ್ ಬರ್ತದಾ?"

"ಒಂಚೂರ್ ಬರ್ತದಕ್ಕ. ಕೂಡಿಸ್ಕೊಂಡ್ ಓದ್ತೀನಿ."

"ಸಾಕು. ಕೈ ಚೆನ್ನಾಗ್ ಒಣಗಿಸ್ಕೊ ಮೊದ್ಲು."